ಕಾನೂನು ತಿದ್ದುವ ಹೊಣೆ ವಕೀಲರ ಸಂಘಗಳದ್ದೂ ಹೌದು



ವಕೀಲರ ಸಂಘ ಎಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಒಂದು, ನ್ಯಾಯಾಲಯದ ಆವರಣದಲ್ಲಿ ಕರಿಕೋಟಿನವರು ಕೂತು ಮಾತಾಡುವ ಕೊಠಡಿ. ಇನ್ನೊಂದು, ಕಲಾಪ ಬಹಿಷ್ಕರಿಸಿ ಘೋಷಣೆ ಕೂಗುತ್ತ ಜಿಲ್ಲಾಧಿಕಾರಿ ಕಚೇರಿಯ ಕಡೆಗೆ ಹೊರಟ ಮೆರವಣಿಗೆ. ಇವೆರಡರ ಆಚೆಗೆ ವಕೀಲರ ಸಂಸ್ಥೆಗಳಿಗೆ ಮೂರನೆಯದೊಂದು ಕೆಲಸವಿದೆ. ದೇಶದ ಕಾನೂನುಗಳು ಎಲ್ಲೆಲ್ಲಿ ಜನರಿಗೆ ತೊಡಕಾಗಿವೆ ಎಂದು ಗುರುತಿಸುವುದು, ಅವನ್ನು ತಿದ್ದಿಸಲು ದುಡಿಯುವುದು. ಈ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ವಕೀಲರ ಸಂಸ್ಥೆಗಳಲ್ಲಿ ಎರಡು ಬಗೆ. ನಿಮ್ಮ ತಾಲ್ಲೂಕಿನ, ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿರುವ ವಕೀಲರ ಸಂಘ ಸದಸ್ಯರೇ ಸೇರಿ ಕಟ್ಟಿಕೊಂಡದ್ದು. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ಮತ್ತು ದೆಹಲಿಯಲ್ಲಿರುವ ಭಾರತೀಯ ವಕೀಲರ ಪರಿಷತ್ತು ಸಂಸತ್ತು ಮಾಡಿದ ಕಾನೂನಿನಿಂದ ಹುಟ್ಟಿದವು. ಜನರ ಬಾಯಲ್ಲಿ ಅವು ಬಾರ್ ಕೌನ್ಸಿಲ್. ಆ ಕಾನೂನು 1961ರ ವಕೀಲರ ಅಧಿನಿಯಮ. ಅದರ 6ನೇ ಕಲಂ ರಾಜ್ಯ ಪರಿಷತ್ತುಗಳು ಏನೇನು ಮಾಡಬೇಕೆಂದು ಪಟ್ಟಿ ಕೊಡುತ್ತದೆ, 7ನೇ ಕಲಂ ಭಾರತೀಯ ಪರಿಷತ್ತಿನ ಕೆಲಸಗಳನ್ನು ಹೇಳುತ್ತದೆ. ವಕೀಲರನ್ನು ನೋಂದಾಯಿಸಿಕೊಳ್ಳುವುದು, ದುರ್ನಡತೆಯ ದೂರುಗಳನ್ನು ವಿಚಾರಿಸುವುದು, ವಕೀಲರ ಹಕ್ಕುಬಾಧ್ಯತೆಗಳನ್ನು ಕಾಪಾಡುವುದು, ಬಡವರಿಗೆ ಕಾನೂನು ನೆರವು ಏರ್ಪಡಿಸುವುದು, ಇವೆಲ್ಲ ಅದರಲ್ಲಿವೆ. ಅವುಗಳ ನಡುವೆಯೇ, ಎರಡೂ ಕಲಂಗಳಲ್ಲಿ, ಕಾನೂನು ಸುಧಾರಣೆಗೆ ಪ್ರೋತ್ಸಾಹ ಮತ್ತು ಬೆಂಬಲ ಕೊಡಬೇಕು ಎಂಬ ಮಾತೂ ಇದೆ. ಅಂದರೆ ಇದು ಮನಸ್ಸು ಬಂದರೆ ಮಾಡುವ, ಬಾರದಿದ್ದರೆ ಬಿಡುವ ಕೆಲಸವಲ್ಲ. ಕಾನೂನು ಹೇಳಿದ ಕರ್ತವ್ಯ.

ಈ ಮಾತು ಅಧಿನಿಯಮದೊಳಗೆ ಬಂದದ್ದಕ್ಕೆ ಹಿನ್ನೆಲೆ ಇದೆ. ಬ್ರಿಟಿಷರ ಕಾಲದಿಂದ ನಮ್ಮಲ್ಲಿ ವಕೀಲರು, ಪ್ಲೀಡರುಗಳು, ಮುಖ್ತಾರರು, ಅಡ್ವೊಕೇಟರು ಎಂದು ಹತ್ತಾರು ದರ್ಜೆಗಳಿದ್ದವು. ಯಾರು ಯಾವ ನ್ಯಾಯಾಲಯದಲ್ಲಿ ವಾದಿಸಬಹುದು ಎಂಬುದೇ ಒಂದು ಗೋಜಲಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ವಕೀಲರ ಸಮಿತಿ ನೇಮಕವಾಯಿತು. ಇಡೀ ದೇಶಕ್ಕೆ ಒಂದೇ ವಕೀಲ ವೃಂದ ಇರಬೇಕು ಎಂಬ ಸಲಹೆ ಆ ಸಮಿತಿಯಿಂದ ಬಂತು. 1955ರಲ್ಲಿ ಸ್ವತಂತ್ರ ಭಾರತದ ಮೊದಲ ಕಾನೂನು ಆಯೋಗ ರಚನೆಯಾದಾಗ ಅದರ ಅಧ್ಯಕ್ಷರಾದವರು ಅಟಾರ್ನಿ ಜನರಲ್ ಆಗಿದ್ದ ಎಂ. ಸಿ. ಸೆಟಲ್ವಾಡ್. ನ್ಯಾಯಾಡಳಿತದ ಸುಧಾರಣೆ ಕುರಿತು ಆ ಆಯೋಗ 1958ರಲ್ಲಿ ಕೊಟ್ಟ ಹದಿನಾಲ್ಕನೇ ವರದಿಯನ್ನು ಇಂದಿಗೂ ನ್ಯಾಯಾಂಗದ ಚರ್ಚೆಗಳಲ್ಲಿ ಓದುತ್ತಾರೆ. ಮುಂದೆ ಭಾರತೀಯ ವಕೀಲರ ಪರಿಷತ್ತು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರೂ ಇದೇ ಸೆಟಲ್ವಾಡ್. ಕಾನೂನನ್ನು ಪರಿಷ್ಕರಿಸುವ ಆಯೋಗವನ್ನೂ ವಕೀಲರ ಪರಿಷತ್ತನ್ನೂ ಮೊದಲು ಮುನ್ನಡೆಸಿದವರು ಒಬ್ಬರೇ. ಆ ತಲೆಮಾರಿನವರಿಗೆ ಈ ಎರಡು ಕೆಲಸಗಳು ಬೇರೆ ಬೇರೆಯಾಗಿ ಕಾಣಲಿಲ್ಲ.

ಕಾನೂನು ಮಾಡುವುದು ಶಾಸಕರ ಕೆಲಸ, ಕರಡು ಬರೆಯುವುದು ಇಲಾಖೆಯ ಅಧಿಕಾರಿಗಳ ಕೆಲಸ, ಮಧ್ಯದಲ್ಲಿ ವಕೀಲರಿಗೇನು ಕೆಲಸ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿದೆ. ಕಾನೂನಿನ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಅದು ಬಂದು ಬೀಳುವುದು ಅಲ್ಲಿನ ಮೇಜಿನ ಮೇಲೆ. ಗಂಡ ಸತ್ತ ಹೆಣ್ಣುಮಗಳೊಬ್ಬಳ ಮೇಲೆ ಮೈದುನಂದಿರು ಪಾಲು ವಿಭಾಗದ ದಾವೆ ಹಾಕುತ್ತಾರೆ ಎನ್ನಿ. ಅವಳಿಗೆ ಸಮನ್ಸ್ ಬರುತ್ತದೆ. ಅದನ್ನು ಓದಿಸಿಕೊಳ್ಳಲು ಯಾರನ್ನೋ ಹುಡುಕಬೇಕು. ಆಮೇಲೆ ವಕೀಲರನ್ನು ಹಿಡಿಯಬೇಕು. ಅವರು ಪಹಣಿ ತನ್ನಿ, ಮ್ಯುಟೇಷನ್ ಪ್ರತಿ ತನ್ನಿ, ಮಾವನ ಹೆಸರಿನಲ್ಲಿದ್ದ ಹಳೆಯ ಕ್ರಯಪತ್ರದ ದೃಢೀಕೃತ ನಕಲು ತನ್ನಿ ಎನ್ನುತ್ತಾರೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಕೊಟ್ಟು, ಉಪನೋಂದಣಾಧಿಕಾರಿ ಕಚೇರಿಗೆ ಅಲೆದು, ನಾಳೆ ಬಾ ಎನಿಸಿಕೊಂಡು, ಕೂಲಿ ಬಿಟ್ಟು ಬಂದ ದಿನಗಳನ್ನು ಲೆಕ್ಕ ಹಾಕುತ್ತ ಅವಳು ಕಾಗದ ಹೊಂದಿಸಬೇಕು. ಇಷ್ಟಾಗಲು ಎಷ್ಟು ದಿನ ಹಿಡಿಯುತ್ತದೆ ಎಂಬುದು ದೆಹಲಿಯಲ್ಲಿ ಕರಡು ಬರೆಯುವ ಅಧಿಕಾರಿಗೆ ಗೊತ್ತಿರುವುದಿಲ್ಲ. ತಾಲ್ಲೂಕಿನ ವಕೀಲನಿಗೆ ಗೊತ್ತಿರುತ್ತದೆ. ಈ ಅರಿವು ಬರಹಕ್ಕೆ ಇಳಿದು, ಕಾನೂನು ಮಾಡುವವರ ಕೈಗೆ ತಲುಪಿದಾಗ ವಕೀಲರ ಸಂಘ ತನ್ನ ಕೆಲಸ ಮಾಡಿದಂತೆ.

ಹಾಗೆ ತಲುಪಿದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಥೆ. ನಮ್ಮ ಸಿವಿಲ್ ದಾವೆಗಳೆಲ್ಲ ನಡೆಯುವುದು 1908ರ ಈ ಸಂಹಿತೆಯ ಪ್ರಕಾರ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ದಾವೆಗಳು ತಲೆಮಾರುಗಟ್ಟಲೆ ಎಳೆಯುತ್ತಿದ್ದವು. ವಿಳಂಬ ತಪ್ಪಿಸಬೇಕೆಂದು ಸಂಸತ್ತು 1999ರಲ್ಲಿ ದೊಡ್ಡ ತಿದ್ದುಪಡಿಯೊಂದನ್ನು ಅಂಗೀಕರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅದರ ಕೆಲವು ಅಂಶಗಳು ಬಹಳ ಕಟುವಾಗಿದ್ದವು. ಪ್ರತಿವಾದಿ ಸಮನ್ಸ್ ತಲುಪಿದ 30 ದಿನಗಳೊಳಗೆ ತನ್ನ ಲಿಖಿತ ಹೇಳಿಕೆ ಸಲ್ಲಿಸಬೇಕು, ಅದರಾಚೆಗೆ ಅವಕಾಶವೇ ಇಲ್ಲ. ವಾದಪತ್ರದಲ್ಲಿ ತಪ್ಪು ನುಸುಳಿದ್ದರೆ ತಿದ್ದಿಕೊಳ್ಳಲು ಇದ್ದ ನಿಯಮವನ್ನೇ ತೆಗೆದುಹಾಕಲಾಯಿತು. ಸಾಕ್ಷಿಯ ಪಾಟೀ ಸವಾಲನ್ನು ನ್ಯಾಯಾಧೀಶರ ಎದುರು ನಡೆಸುವುದರ ಬದಲು ನ್ಯಾಯಾಲಯ ನೇಮಿಸಿದ ಕಮಿಷನರ ಎದುರು ನಡೆಸಬೇಕು ಎಂದಾಯಿತು.

ದೇಶದುದ್ದಕ್ಕೂ ವಕೀಲರ ಸಂಘಗಳು ಎದ್ದು ನಿಂತವು. 2000ದ ಆರಂಭದಲ್ಲಿ ಪ್ರತಿಭಟನೆಗಳು ಜೋರಾಗಿದ್ದವು. ಆ ದಿನಗಳ ಸುದ್ದಿಯಲ್ಲಿ ಬೀದಿಯ ಗದ್ದಲವೇ ಹೆಚ್ಚು ಕಂಡಿತು. ಗದ್ದಲದ ಹಿಂದೆ ಗಟ್ಟಿಯಾದ ವಾದಗಳಿದ್ದವು. ನಾನು ಹೇಳಿದ ಆ ಹೆಣ್ಣುಮಗಳಿಗೆ 30 ದಿನ ಸಾಲುವುದಿಲ್ಲ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದ್ದಕ್ಕೆ ದಾವೆಯೇ ಬಿದ್ದುಹೋಗಬಾರದು. ಸಾಕ್ಷಿ ಹೇಳುವವನ ಮುಖ, ತಡವರಿಕೆ, ಧೈರ್ಯ ಇವನ್ನೆಲ್ಲ ತೀರ್ಪು ಕೊಡುವ ನ್ಯಾಯಾಧೀಶರು ಕಣ್ಣಾರೆ ನೋಡಬೇಕು. ಸರ್ಕಾರ ಆ ತಿದ್ದುಪಡಿಯನ್ನು ತಕ್ಷಣ ಜಾರಿಗೆ ತರಲಿಲ್ಲ. 2002ರಲ್ಲಿ ಇನ್ನೊಂದು ತಿದ್ದುಪಡಿ ಬಂತು, ಎರಡೂ ಸೇರಿ ಆ ವರ್ಷದ ಜುಲೈ 1ರಿಂದ ಜಾರಿಯಾದವು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಲಿಖಿತ ಹೇಳಿಕೆಗೆ ಕಾರಣ ದಾಖಲಿಸಿ 90 ದಿನಗಳವರೆಗೆ ಸಮಯ ಕೊಡಬಹುದು ಎಂದಾಯಿತು. ವಾದಪತ್ರ ತಿದ್ದುವ ಅವಕಾಶ ಮರಳಿತು, ಆದರೆ ವಿಚಾರಣೆ ಆರಂಭವಾದ ಮೇಲೆ ಸಕಾರಣವಿಲ್ಲದೆ ಕೇಳುವಂತಿಲ್ಲ ಎಂಬ ಕಟ್ಟುಪಾಡಿನೊಂದಿಗೆ ಮರಳಿತು. ಪಾಟೀ ಸವಾಲು ನ್ಯಾಯಾಲಯದಲ್ಲೇ ನಡೆಯಬಹುದು, ಇಲ್ಲವೇ ಕಮಿಷನರ ಎದುರು ನಡೆಯಬಹುದು ಎಂದಾಯಿತು. ವಿಳಂಬಕ್ಕೆ ಕಡಿವಾಣ ಹಾಕುವ ಉದ್ದೇಶ ಉಳಿಯಿತು, ಬಡವನ ಕುತ್ತಿಗೆಗೆ ಬರುತ್ತಿದ್ದ ಅಂಶ ಸಡಿಲವಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ತಮಿಳುನಾಡಿನ ಸೇಲಂನ ವಕೀಲರ ಸಂಘ ಈ ತಿದ್ದುಪಡಿಗಳ ಸಿಂಧುತ್ವ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿಯ ದೊಡ್ಡ ಸಂಸ್ಥೆಯಲ್ಲ, ಒಂದು ಜಿಲ್ಲಾ ಕೇಂದ್ರದ ಸಂಘ. 2002ರ ಅಕ್ಟೋಬರಿನಲ್ಲಿ ನ್ಯಾಯಾಲಯ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅಷ್ಟಕ್ಕೆ ನಿಲ್ಲದೆ, ಇವನ್ನು ಜಾರಿಗೆ ತರುವಾಗ ಬರುವ ತೊಡಕುಗಳನ್ನು ನಿವಾರಿಸಲು ಒಂದು ಸಮಿತಿ ರಚಿಸಿತು. ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅದರ ಅಧ್ಯಕ್ಷರು. ಹಿರಿಯ ವಕೀಲರು ಅದರ ಸದಸ್ಯರು. ಆ ಸಮಿತಿ ಮೂರು ಭಾಗಗಳಲ್ಲಿ ವರದಿ ಕೊಟ್ಟಿತು. ತಿದ್ದುಪಡಿಗಳ ಬಗ್ಗೆ ಇದ್ದ ದೂರುಗಳನ್ನು ಒಂದು ಭಾಗ ಪರಿಶೀಲಿಸಿತು. ರಾಜಿ ಮತ್ತು ಮಧ್ಯಸ್ಥಿಕೆಗೆ ಮಾದರಿ ನಿಯಮಗಳನ್ನು ಇನ್ನೊಂದು ಭಾಗ ಕೊಟ್ಟಿತು. ಮೂರನೆಯದು ಪ್ರಕರಣಗಳು ಹಂತಹಂತವಾಗಿ ಸಾಗುವಂತೆ ನೋಡಿಕೊಳ್ಳುವ ಮಾದರಿ ನಿಯಮಗಳನ್ನು ರೂಪಿಸಿತು. 2005ರ ಆಗಸ್ಟ್ 2ರಂದು ಸುಪ್ರೀಂ ಕೋರ್ಟು ಅಂತಿಮ ತೀರ್ಪು ಕೊಟ್ಟಿತು. 90 ದಿನಗಳ ಗಡುವು ಸಾಮಾನ್ಯವಾಗಿ ಪಾಲಿಸಬೇಕಾದದ್ದು, ಆದರೆ ತೀರ ಅಪರೂಪದ ಕಷ್ಟದ ಸಂದರ್ಭದಲ್ಲಿ ನ್ಯಾಯಾಧೀಶರ ಕೈ ಕಟ್ಟಿಹಾಕುವಂಥದ್ದಲ್ಲ ಎಂದಿತು. ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಇಲ್ಲ ಎಂಬ ನಿಯಮಕ್ಕೂ, ಅಪಘಾತ, ಆಸ್ಪತ್ರೆ ಸೇರುವಂಥ ಕೈಮೀರಿದ ಕಾರಣಗಳಿಗೆ ವಿನಾಯಿತಿ ಇದೆ ಎಂದಿತು. ಸೇಲಂನ ವಕೀಲರು ಮೊಕದ್ದಮೆಯನ್ನು ಸೋತರು ಎಂದು ಬೇಕಾದರೆ ಹೇಳಿ. ಅವರು ಎತ್ತಿದ ಪ್ರಶ್ನೆಗಳಿಂದಾಗಿ ಇಡೀ ದೇಶದ ದಾವೆಗಾರರಿಗೆ ಬಾಳುವ ನಿಯಮಗಳು ಸಿಕ್ಕವು.

ಈ ತಿದ್ದುಪಡಿಗಳ ಜೊತೆಗೇ 89ನೇ ಕಲಂ ಬಂತು. ದಾವೆಯನ್ನು ಕಕ್ಷಿದಾರರೇ ಕೂತು ಬಗೆಹರಿಸಿಕೊಳ್ಳಲು ಪಂಚಾಯಿತಿ ತೀರ್ಮಾನಕ್ಕೆ (ಆರ್ಬಿಟ್ರೇಷನ್), ಸಂಧಾನಕ್ಕೆ, ಲೋಕ ಅದಾಲತ್ತಿಗೆ, ಮಧ್ಯಸ್ಥಿಕೆಗೆ ಕಳಿಸಬಹುದು ಎನ್ನುವ ಕಲಂ ಅದು. ಬಹಳ ಒಳ್ಳೆಯ ಕಲಂ. ಆದರೆ ಅದರ ಕರಡಿನಲ್ಲಿ ಒಂದು ದೋಷ ನುಸುಳಿತ್ತು. ಮಧ್ಯಸ್ಥಿಕೆ ಎಂದರೇನು, ನ್ಯಾಯಿಕ ಇತ್ಯರ್ಥ ಎಂದರೇನು ಎಂಬ ಎರಡು ವ್ಯಾಖ್ಯೆಗಳು ಅದಲುಬದಲಾಗಿ ಅಚ್ಚಾಗಿದ್ದವು. ಹಾಗೆಯೇ ಸಂಸತ್ತಿನಲ್ಲಿ ಅಂಗೀಕಾರವಾಯಿತು, ಹಾಗೆಯೇ ಜಾರಿಯಾಯಿತು. 2010ರಲ್ಲಿ ಆಫ್ಕಾನ್ಸ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಈ ತಪ್ಪನ್ನು ಬಿಡಿಸಿ ತೋರಿಸಿ, ಎರಡನ್ನೂ ಸ್ಥಾನ ಬದಲಿಸಿ ಓದಿಕೊಳ್ಳಬೇಕು ಎಂದು ಹೇಳಬೇಕಾಯಿತು. ಅವರು ಬೆಂಗಳೂರಿನಲ್ಲಿ ವಕೀಲಿ ಮಾಡಿ, ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿ ಮೇಲೆ ಹೋದವರು. ಮಸೂದೆ ಇನ್ನೂ ಕರಡಿನಲ್ಲಿದ್ದಾಗ ಅದನ್ನು ಸಾಲುಸಾಲಾಗಿ ಓದಿ, ಇಲ್ಲಿ ತಪ್ಪಿದೆ ಎಂದು ಬರೆದು ಕಳಿಸುವ ಕೆಲಸಕ್ಕೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ತೀರ್ಪಿಗೂ ಮೊದಲೇ, 2007ರಿಂದ, ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಕೆಲಸ ಮಾಡತೊಡಗಿತ್ತು. ತರಬೇತಿ ಪಡೆದ ವಕೀಲರೇ ಅಲ್ಲಿ ಮಧ್ಯಸ್ಥಗಾರರಾಗಿ ಕೂತು, ಗಂಡ ಹೆಂಡತಿಯ ಜಗಳ, ಅಣ್ಣತಮ್ಮಂದಿರ ಆಸ್ತಿ ತಕರಾರು ಬಗೆಹರಿಸುತ್ತಿದ್ದಾರೆ. ಕಾಗದದ ಮೇಲಿನ ಸುಧಾರಣೆಗೆ ಜೀವ ಕೊಡುವುದರಲ್ಲೂ ವಕೀಲರ ಪಾಲಿದೆ ಎಂಬುದಕ್ಕೆ ಇದು ನಮ್ಮ ನಡುವಿನ ಉದಾಹರಣೆ.

ಇನ್ನು ಅಪರಾಧ ಕಾನೂನಿನ ಕಡೆಗೆ ಬರೋಣ. ಪೊಲೀಸರು ಯಾರನ್ನು ಯಾವಾಗ ದಸ್ತಗಿರಿ ಮಾಡಬಹುದು ಎಂಬುದು ಎಲ್ಲ ಮನೆಗಳನ್ನೂ ಮುಟ್ಟುವ ಪ್ರಶ್ನೆ. 2008ರಲ್ಲಿ ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಯ 41ನೇ ಕಲಮನ್ನು ಬದಲಿಸಿತು. ಏಳು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ದಸ್ತಗಿರಿಗೆ ಮುನ್ನ ಪೊಲೀಸ್ ಅಧಿಕಾರಿ ಅದು ಏಕೆ ಅಗತ್ಯ ಎಂದು ಕಾರಣ ಬರೆದಿಡಬೇಕು, ದಸ್ತಗಿರಿ ಬೇಡವಾದಲ್ಲಿ ಹಾಜರಾಗುವಂತೆ ನೋಟಿಸು ಕೊಡಬಹುದು ಎಂಬುದು ಅದರ ಸಾರ. ಇದಕ್ಕೂ ವಕೀಲರ ಸಂಘಗಳಿಂದ ವಿರೋಧ ಬಂತು. ಆ ವಿರೋಧದಲ್ಲಿ ಎಲ್ಲವೂ ಸರಿಯಿತ್ತು ಎಂದು ನಾನು ಹೇಳಲಾರೆ. ದಸ್ತಗಿರಿ ಕಡಿಮೆಯಾಗುವುದು ನಾಗರಿಕನಿಗೆ ಒಳ್ಳೆಯದೇ. ಅದನ್ನು ಸಾರಾಸಗಟಾಗಿ ಬೇಡ ಎನ್ನುವುದು ವಕೀಲರಿಗೆ ಶೋಭಿಸುವ ಮಾತಾಗಿರಲಿಲ್ಲ. ಆದರೆ ಪೊಲೀಸರು ತಮಗೆ ಬೇಕಾದವರನ್ನು ಬಿಟ್ಟು ಬೇಡವಾದವರನ್ನು ಹಿಡಿಯಲು ಇದು ದಾರಿ ಮಾಡಿಕೊಡುತ್ತದೆ ಎಂಬ ಆತಂಕದಲ್ಲಿ ಹುರುಳಿತ್ತು. ಸರ್ಕಾರ ಆ ಕಲಂಗಳನ್ನು ತಡೆಹಿಡಿದು ಮತ್ತೆ ಸಮಾಲೋಚಿಸಿತು. 2010ರ ತಿದ್ದುಪಡಿಯಲ್ಲಿ ಎರಡು ಮುಖ್ಯ ಬದಲಾವಣೆಗಳು ಬಂದವು. ಹಿಡಿದರೆ ಮಾತ್ರವಲ್ಲ, ಹಿಡಿಯದೆ ಬಿಟ್ಟರೂ ಕಾರಣ ಬರೆಯಬೇಕು. ದಸ್ತಗಿರಿ ಬೇಡವಾದ ಕಡೆ ನೋಟಿಸು ಕೊಡುವುದು ಪೊಲೀಸರ ಇಚ್ಛೆಗೆ ಬಿಟ್ಟದ್ದಲ್ಲ, ಕಡ್ಡಾಯ. 2010ರ ನವೆಂಬರಿನಲ್ಲಿ ಇದು ಜಾರಿಯಾಯಿತು. ಮೊದಲಿಗಿಂತ ಗಟ್ಟಿಯಾದ ಕಾನೂನು ಇದು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹಿಡಿದು, ಕಾರಣವಿಲ್ಲದೆ ದಸ್ತಗಿರಿ ಮಾಡಿದ ಅಧಿಕಾರಿಯ ಮೇಲೆ ಕ್ರಮ ಎಂದು ಎಚ್ಚರಿಸಿತು. ಇವತ್ತು ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಆಗಿ ಮುಂದುವರಿದಿದೆ. ವಿರೋಧಿಸುವಾಗಲೂ ಹೀಗೆ ತಿದ್ದಿ ಎಂದು ಹೇಳುವವರ ಮಾತಿಗೆ ಬೆಲೆ ಸಿಗುತ್ತದೆ ಎಂಬುದು ಈ ಪ್ರಕರಣದ ಪಾಠ.

ನಮ್ಮ ಕರ್ನಾಟಕದ್ದೇ ಆದ ಒಂದು ಸಾಧನೆಯನ್ನು ಇಲ್ಲಿ ನೆನೆಯಲೇಬೇಕು. ರಾಜ್ಯ ಏಕೀಕರಣವಾದದ್ದು 1956ರಲ್ಲಿ. ಹೈಕೋರ್ಟು ಇದ್ದದ್ದು ಬೆಂಗಳೂರಿನಲ್ಲಿ ಮಾತ್ರ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್, ಬೆಳಗಾವಿಯಿಂದ ಸುಮಾರು 500. ತಹಶೀಲ್ದಾರರ ಆದೇಶದ ವಿರುದ್ಧ ರಿಟ್ ಅರ್ಜಿ ಹಾಕಬೇಕೆಂದ ಬೀದರಿನ ರೈತ ರಾತ್ರಿ ಬಸ್ಸು ಹತ್ತಿ, ಬೆಂಗಳೂರಿನ ಲಾಡ್ಜಿನಲ್ಲಿ ಇಳಿದು, ಗುರುತಿಲ್ಲದ ವಕೀಲರಿಗೆ ತನ್ನ ಕಷ್ಟ ವಿವರಿಸಿ, ಮುಂದಿನ ವಾರಕ್ಕೆ ಹೋಯಿತು ಎಂಬ ಮಾತು ಕೇಳಿ ಹಿಂದಿರುಗಬೇಕಿತ್ತು. ಪ್ರಕರಣದ ಖರ್ಚಿಗಿಂತ ಪ್ರಯಾಣದ ಖರ್ಚು ಹೆಚ್ಚು. ಎಷ್ಟೋ ಜನ ಹಕ್ಕಿದ್ದರೂ ಹೈಕೋರ್ಟಿನ ಗೊಡವೆಗೇ ಹೋಗುತ್ತಿರಲಿಲ್ಲ. ಉತ್ತರ ಕರ್ನಾಟಕದ ವಕೀಲರ ಸಂಘಗಳು ದಶಕಗಟ್ಟಲೆ ಪೀಠಕ್ಕಾಗಿ ಹೋರಾಡಿದವು. ಮನವಿ ಕೊಟ್ಟರು, ನಿಯೋಗ ಹೋದರು, ಧರಣಿ ಕೂತರು, ಜನರನ್ನೂ ಮಠಾಧೀಶರನ್ನೂ ಜನಪ್ರತಿನಿಧಿಗಳನ್ನೂ ಜೊತೆಗೆ ಕರೆತಂದರು. 2008ರ ಜುಲೈನಲ್ಲಿ ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟಿನಲ್ಲಿ ಎರಡೂ ಕಾಯಂ ಪೀಠಗಳಾದವು. ಈಗ ಬೀದರಿನ ರೈತ ಬೆಳಗ್ಗೆ ಹೊರಟು ಕಲಬುರಗಿಯಲ್ಲಿ ಕೆಲಸ ಮುಗಿಸಿ ಸಂಜೆಗೆ ಮನೆ ಸೇರಬಹುದು. ಪುಸ್ತಕದಲ್ಲಿನ ಹಕ್ಕು ಮನೆಬಾಗಿಲಿನ ಹಕ್ಕಾಯಿತು. ಇದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಆ ಭಾಗದ ವಕೀಲರದ್ದು.

ಕೇಳುಗರೇ, ಸಾಧನೆ ಹೇಳಿದ ಬಾಯಲ್ಲೇ ಕೊರತೆಯನ್ನೂ ಹೇಳಬೇಕು. ಹಾಗೆ ಹೇಳದಿದ್ದರೆ ಈ ಭಾಷಣ ಸಂಘದ ವಾರ್ಷಿಕೋತ್ಸವದ ಭಾಷಣವಾದೀತು.

ಮೊದಲ ಕೊರತೆ ಬಹಿಷ್ಕಾರದ ಚಟ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ, ಹರೀಶ್ ಉಪ್ಪಲ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಆದರೂ ಉತ್ತರಾಖಂಡದ ಡೆಹ್ರಾಡೂನ್, ಹರಿದ್ವಾರ ಮತ್ತು ಉಧಮ್ ಸಿಂಗ್ ನಗರ ಜಿಲ್ಲೆಗಳಲ್ಲಿ 35 ವರ್ಷಕ್ಕೂ ಮೀರಿ ಪ್ರತಿ ಶನಿವಾರ ಕಲಾಪ ಬಹಿಷ್ಕಾರ ನಡೆದುಕೊಂಡು ಬಂದಿತ್ತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಖಂಡಿಸಬೇಕಾಯಿತು. ಜೈಲಿನಲ್ಲಿ ಜಾಮೀನಿಗಾಗಿ ಕಾಯುತ್ತಿರುವವನಿಗೆ ಒಂದು ದಿನದ ಬಹಿಷ್ಕಾರ ಎಂದರೆ ಇನ್ನಷ್ಟು ದಿನಗಳ ಸೆರೆವಾಸ. ಯಾರ ಹೆಸರಿನಲ್ಲಿ ಹೋರಾಟವೋ ಅವರಿಗೇ ಪೆಟ್ಟು ಬೀಳುವ ಹೋರಾಟ ಅದು.

ಎರಡನೆಯದು, ತಮ್ಮ ಮನೆಯ ವಿಷಯಕ್ಕೆ ಬಂದಾಗ ಇರುವ ಚುರುಕು ಜನರ ವಿಷಯಕ್ಕೆ ಬಂದಾಗ ಕಾಣುವುದಿಲ್ಲ. 2025ರ ಫೆಬ್ರುವರಿ 13ರಂದು ಕೇಂದ್ರ ಕಾನೂನು ಸಚಿವಾಲಯ ವಕೀಲರ ಅಧಿನಿಯಮದ ತಿದ್ದುಪಡಿ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಬಹಿಷ್ಕಾರ ನಿಷೇಧ, ಭಾರತೀಯ ಪರಿಷತ್ತಿಗೆ ಸರ್ಕಾರದ ನಾಮನಿರ್ದೇಶನ ಮುಂತಾದವು ಅದರಲ್ಲಿದ್ದವು. ವಕೀಲ ವೃಂದದ ಸ್ವಾಯತ್ತತೆಗೆ ಧಕ್ಕೆ ಎಂದು ಪರಿಷತ್ತೂ ಸಂಘಗಳೂ ದನಿ ಎತ್ತಿದವು. ಫೆಬ್ರುವರಿ 22ಕ್ಕೆ ಸರ್ಕಾರ ಕರಡನ್ನು ಹಿಂತೆಗೆದುಕೊಂಡಿತು. ಸ್ವಾಯತ್ತತೆಯ ಪ್ರಶ್ನೆ ನಿಜಕ್ಕೂ ದೊಡ್ಡದು, ಆ ವಿರೋಧ ನ್ಯಾಯವಾದದ್ದೇ. ನಮ್ಮ ರಾಜ್ಯದಲ್ಲೂ ವಕೀಲರ ಮೇಲಿನ ಹಿಂಸೆ ತಡೆಯುವ ಮಸೂದೆ 2023ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು. ಅದೂ ಬೇಕಿತ್ತು. ನನ್ನ ಪ್ರಶ್ನೆ ಇಷ್ಟೇ. ಹತ್ತೇ ದಿನಗಳಲ್ಲಿ ದೇಶವನ್ನೆಲ್ಲ ಎಬ್ಬಿಸಬಲ್ಲ ಸಂಘಟನೆಗೆ, ಬಾಡಿಗೆ ಕಾನೂನು, ಭೂ ಕಂದಾಯ ಕಾನೂನು, ಜೀವನಾಂಶದ ಕಾನೂನು ತಿದ್ದುವ ಮಸೂದೆ ಬಂದಾಗ ಅದೇ ಹುರುಪು ಏಕೆ ಇರಬಾರದು?

ಮೂರನೆಯದು, ಕಾನೂನು ತಿದ್ದುವವರು ಮೊದಲು ತಾವು ಕಾನೂನಿನಂತೆ ನಡೆಯಬೇಕು. ವಕೀಲರ ನೋಂದಣಿಗೆ ಅಧಿನಿಯಮ ಗೊತ್ತುಮಾಡಿದ ಶುಲ್ಕ ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ. ಹಲವು ರಾಜ್ಯಗಳ ಪರಿಷತ್ತುಗಳು ಸಾವಿರಗಟ್ಟಲೆ ವಸೂಲಿ ಮಾಡುತ್ತಿದ್ದವು. ಅದು ಸಲ್ಲದು ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬಡ ಮನೆಯ ಹುಡುಗ ಹುಡುಗಿಯರು ವೃತ್ತಿಗೆ ಬಂದರೆ ಮಾತ್ರ ಬಡವರ ಕಷ್ಟ ಸಂಘದ ಸಭೆಯೊಳಗೆ ಮಾತಾಗುತ್ತದೆ. ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಸುಪ್ರೀಂ ಕೋರ್ಟಿನ ವಕೀಲರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂರನೇ ಒಂದರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದದ್ದು 2024ರಲ್ಲಿ, ಅದೂ ನ್ಯಾಯಾಲಯದ ಆದೇಶದಿಂದ. ಬೆಂಗಳೂರು ವಕೀಲರ ಸಂಘದಲ್ಲಿ ಖಜಾಂಚಿ ಸ್ಥಾನ ಮಹಿಳೆಗೆ ಮೀಸಲಾದದ್ದು 2025ರಲ್ಲಿ, ಅದೂ ಸುಪ್ರೀಂ ಕೋರ್ಟಿನ ಆದೇಶದಿಂದ. ಕೌಟುಂಬಿಕ ದೌರ್ಜನ್ಯದ ಕಾನೂನಿನ ಬಗ್ಗೆ ಅಭಿಪ್ರಾಯ ಬರೆಯುವ ಮೇಜಿನ ಸುತ್ತ ಹೆಂಗಸರೇ ಇಲ್ಲದಿದ್ದರೆ ಆ ಅಭಿಪ್ರಾಯ ಅರೆಬರೆಯೇ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ ದಾರಿಯನ್ನು ನೇರವಾಗಿ ಹೇಳುತ್ತೇನೆ. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ದೆಹಲಿಯ ಪರಿಚಯ ಬೇಕಿಲ್ಲ.

ಪ್ರತಿಯೊಂದು ಜಿಲ್ಲಾ ವಕೀಲರ ಸಂಘದಲ್ಲಿ ಕಾನೂನು ಸುಧಾರಣಾ ಸಮಿತಿ ಇರಲಿ. ಐದಾರು ಜನ ಸಾಕು. ಸಿವಿಲ್ ನೋಡುವವರು, ಕ್ರಿಮಿನಲ್ ನೋಡುವವರು, ಕಂದಾಯ ನ್ಯಾಯಾಲಯಗಳಲ್ಲಿ ಹಾಜರಾಗುವವರು, ಮಹಿಳೆಯರು, ಹೊಸದಾಗಿ ಬಂದ ಕಿರಿಯರು, ಎಲ್ಲರೂ ಅದರಲ್ಲಿರಲಿ. ಕಾನೂನು ಕಾಲೇಜು ಇರುವ ಊರಾದರೆ ಅಲ್ಲಿನ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿದ್ದೇ ಭಾರತೀಯ ವಕೀಲರ ಪರಿಷತ್ತಿನ ಮುತುವರ್ಜಿಯಿಂದ, ಕರ್ನಾಟಕದ ಶಾಸನಸಭೆ ಮಾಡಿದ ಕಾನೂನಿನ ಮೂಲಕ. ವೃತ್ತಿಯವರೂ ಶಿಕ್ಷಣದವರೂ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದು ಕಣ್ಣೆದುರಿಗಿದೆ.

ಈ ಸಮಿತಿಯ ಮೊದಲ ಕೆಲಸ ಕರಡು ಮಸೂದೆಗಳನ್ನು ಓದುವುದು. ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿ ಒಪ್ಪಿಕೊಂಡಿದೆ. ಯಾವುದೇ ಮಸೂದೆ ಸಂಸತ್ತಿಗೆ ಹೋಗುವ ಮುನ್ನ ಅದರ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಪಡೆಯಬೇಕು ಎಂಬುದು ಆ ನೀತಿ. ಅದು ಎಷ್ಟೋ ಸಲ ಪಾಲನೆಯಾಗುವುದಿಲ್ಲ. ಪಾಲಿಸಿ ಎಂದು ಒತ್ತಾಯಿಸುವುದೂ ಸಂಘಗಳ ಕೆಲಸವೇ. ಕರಡು ಬಂದಾಗ ಬರೆಯುವ ಅಭಿಪ್ರಾಯದಲ್ಲಿ ನಾಲ್ಕು ವಿಷಯ ಇರಲಿ. ಯಾವ ಕಲಂ, ಅದರಿಂದ ಏನು ತೊಂದರೆ, ನಮ್ಮ ನ್ಯಾಯಾಲಯದಲ್ಲಿ ಕಂಡ ನಿದರ್ಶನ ಯಾವುದು, ಅದರ ಜಾಗದಲ್ಲಿ ಯಾವ ವಾಕ್ಯ ಬರಬೇಕು. ಕೊನೆಯದೇ ಮುಖ್ಯ. ಖಂಡಿಸುತ್ತೇವೆ ಎಂಬ ಠರಾವು ಕಡತದಲ್ಲಿ ಮಲಗುತ್ತದೆ. ಬದಲಿ ವಾಕ್ಯ ಬರೆದುಕೊಟ್ಟರೆ ಸಂಸತ್ತಿನ ಸ್ಥಾಯಿ ಸಮಿತಿಯ ಸದಸ್ಯರು ಅದನ್ನು ಎತ್ತಿಕೊಂಡು ಮಾತಾಡಬಹುದು, ಅಧಿಕಾರಿ ಅದನ್ನು ಕರಡಿಗೆ ಸೇರಿಸಬಹುದು.

ಎರಡನೆಯ ಕೆಲಸ ಲೆಕ್ಕ ಇಡುವುದು. ಹೊಸ ಅಪರಾಧ ಕಾನೂನುಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. 15 ದಿನಗಳ ಪೊಲೀಸ್ ಕಸ್ಟಡಿಯನ್ನು, ಅಪರಾಧದ ಗಾತ್ರ ನೋಡಿ, ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಕೇಳಬಹುದು ಎಂದು ಈಗಿನ ಸಂಹಿತೆ ಹೇಳುತ್ತದೆ. ಇದರಿಂದ ಜಾಮೀನು ತಡವಾಗುತ್ತಿದೆಯೇ, ಆರೋಪಿಗಳಿಗೆ ತೊಂದರೆಯಾಗುತ್ತಿದೆಯೇ, ತನಿಖೆಗೆ ಅನುಕೂಲವಾಗಿದೆಯೇ? ವಾದ ಎರಡೂ ಕಡೆ ಇದೆ. ಜಿಲ್ಲೆಯ ವಕೀಲರು ಒಂದು ವರ್ಷ ತಮ್ಮ ನ್ಯಾಯಾಲಯದ ಪ್ರಕರಣಗಳನ್ನು ಗುರುತು ಹಾಕಿಕೊಂಡರೆ ಊಹೆಯ ಜಾಗದಲ್ಲಿ ದಾಖಲೆ ಬಂದು ಕೂರುತ್ತದೆ. ಆ ದಾಖಲೆ ಕೈಯಲ್ಲಿದ್ದರೆ ಕಾನೂನು ಆಯೋಗವೂ ಕೇಳುತ್ತದೆ, ಹೈಕೋರ್ಟೂ ಕೇಳುತ್ತದೆ.

ಮೂರನೆಯ ಕೆಲಸ, ಇದನ್ನೆಲ್ಲ ಕನ್ನಡದಲ್ಲಿ ಜನರಿಗೆ ತಿಳಿಸುವುದು. ನಾವು ಈ ಮಸೂದೆಯ ಬಗ್ಗೆ ಹೀಗೆ ಬರೆದಿದ್ದೇವೆ, ಕಾರಣ ಇದು ಎಂದು ಎರಡು ಪುಟ ಅಚ್ಚು ಹಾಕಿಸಿ ಸಂಘದ ಸೂಚನಾ ಫಲಕದಲ್ಲಿ ಹಾಕಲಿ, ಪತ್ರಿಕೆಗಳಿಗೆ ಕೊಡಲಿ, ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಕಳಿಸಲಿ. ಬರೆದದ್ದು ಬಯಲಿಗೆ ಬಂದಾಗ ಸಂಘ ಯಾರ ಪರವಾಗಿ ಮಾತಾಡುತ್ತಿದೆ ಎಂಬುದೂ ಬಯಲಾಗುತ್ತದೆ. ಸ್ವಂತ ಹಿತವೋ ಸಾರ್ವಜನಿಕ ಹಿತವೋ ಎಂಬ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಕೊನೆಯದಾಗಿ ಎರಡು ವಿನಂತಿ. ನನ್ನ ಕಿರಿಯ ವಕೀಲ ಮಿತ್ರರೇ, ಸಂಘದ ಚುನಾವಣೆ ಬಂದಾಗ ಅಭ್ಯರ್ಥಿಗಳನ್ನು ಗ್ರಂಥಾಲಯ, ವಿಮೆ, ಕಟ್ಟಡದ ಬಗ್ಗೆ ಕೇಳುತ್ತೀರಿ. ಕಳೆದ ಅವಧಿಯಲ್ಲಿ ಎಷ್ಟು ಮಸೂದೆಗಳ ಬಗ್ಗೆ ಲಿಖಿತ ಅಭಿಪ್ರಾಯ ಕಳಿಸಿದಿರಿ ಎಂದೂ ಕೇಳಿ. ಕೇಳುಗ ಬಂಧುಗಳೇ, ನಿಮ್ಮಲ್ಲಿ ಯಾರಿಗಾದರೂ ನ್ಯಾಯಾಲಯದ ಮೆಟ್ಟಿಲು ಹತ್ತಿ ಕಾನೂನಿನ ಯಾವುದೋ ಒಂದು ನಿಯಮದಿಂದಲೇ ಅನ್ಯಾಯವಾಯಿತು ಎನ್ನಿಸಿದ್ದರೆ ಅದನ್ನು ನಿಮ್ಮ ವಕೀಲರ ಹತ್ತಿರ ಹೇಳಿ ಸುಮ್ಮನಾಗಬೇಡಿ. ನಿಮ್ಮ ಊರಿನ ವಕೀಲರ ಸಂಘದ ಅಧ್ಯಕ್ಷರ ಹೆಸರಿಗೆ ಒಂದು ಕಾಗದ ಬರೆಯಿರಿ. ಆ ನಿಯಮ ಬದಲಾಗಲು ಏನು ಮಾಡುತ್ತೀರಿ ಎಂದು ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು. ಉತ್ತರ ಕೊಟ್ಟು ಅದಕ್ಕಾಗಿ ದುಡಿಯುವುದು ವಕೀಲ ವೃಂದದ ಕರ್ತವ್ಯ.